ಮಂಜರಾಬಾದ್ ಕೋಟೆಯ ಸನ್ನಿವೇಶ: ಕಠಿಣ ಹಂತದಲ್ಲಿ ಎಂಟನೆಯ ಸರದಿಯನ್ನು ದಾಟಲಾಗುತ್ತಿಲ್ಲ

ಮಂಜಿನಕೋಟೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದ ಸಂಜೆಗಳಲ್ಲಿ ಕುಳಿತು ಬ್ಯಾಟಲ್ ಫಾರ್ ವೆಸ್ನಾತ್ ಆಟಕ್ಕೆ ನನ್ನದೇ ಒಂದು ಸನ್ನಿವೇಶವನ್ನು ಬರೆದಿದ್ದೇನೆ. ಹೊಸಬರಿಗಾಗಿ ಒಂದು ಮಾತು: ಇದು ಷಟ್ಕೋನದ ಕೋಶಗಳ ಮೇಲೆ ಸರದಿಯಂತೆ ಆಡುವ, 2003ರಿಂದ ಸ್ವಯಂಸೇವಕರೇ ಕಟ್ಟಿಕೊಂಡು ಬಂದಿರುವ ಉಚಿತ ಆಟ. ನಕ್ಷೆಗೆ ನಮ್ಮೂರಿನ ಮಂಜರಾಬಾದ್ ಕೋಟೆಯನ್ನೇ ಆರಿಸಿಕೊಂಡೆ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರದಂತಿರುವ ಆ ಕೋಟೆಯನ್ನು ಹತ್ತಿ ನೋಡದವರು ನಮ್ಮ ಕಡೆ ಕಡಿಮೆ. ಕಥೆ ಮಾತ್ರ ಚರಿತ್ರೆಯದಲ್ಲ, ಆಟದ ಲೋಕದ್ದೇ: ಕೋಟೆಯೊಳಗೆ ಮನುಷ್ಯರ ಲಾಯಲಿಸ್ಟ್ ಪಡೆ, ಕಣಿವೆಯಿಂದ ಏರಿ ಬರುವ ಓರ್ಕ್ ಎಂಬ ರಾಕ್ಷಸರ ದಂಡು. 24 ಸರದಿ ಕೋಟೆಯನ್ನು ಉಳಿಸಿಕೊಂಡರೆ ಗೆಲುವು.

ನನಗೆ ಎಲ್ಲ ಹಂತಗಳಲ್ಲೂ 200 ಚಿನ್ನ, ಮೊದಲಿನಿಂದಲೇ ನನ್ನವಾದ 5 ಹಳ್ಳಿಗಳು. ಶತ್ರುವಿಗೆ ಸುಲಭದಲ್ಲಿ 150, ನಡುವಿನದರಲ್ಲಿ 250, ಕಠಿಣದಲ್ಲಿ 400 ಚಿನ್ನ. ಅವನು ಗ್ರಂಟ್‌ಗಳನ್ನು (ಕತ್ತಿ ಹಿಡಿದ ಓರ್ಕ್ ಕಾಲಾಳುಗಳನ್ನು) ಮಾತ್ರ ನೇಮಿಸಿಕೊಳ್ಳುತ್ತಾನೆ, ಸರದಿಗೆ 6 ಮಂದಿ. ಅವನ ಬಿಡಾರ ನನ್ನ ಗೋಡೆಯಿಂದ 17 ಕೋಶ ದೂರದಲ್ಲಿದೆ. ನಡುವೆ ಗುಡ್ಡಗಳನ್ನು ಹರಡಿದ್ದೇನೆ. ಸುಲಭ ಹಂತವನ್ನು ಗೆದ್ದೆ, ನಡುವಿನದನ್ನು ಕಷ್ಟಪಟ್ಟು ಗೆದ್ದೆ. ಕಠಿಣ ಹಂತವನ್ನು ಒಂಬತ್ತು ಸಲ ಆಡಿದರೂ ಎಂಟನೆಯ ಸರದಿಯ ಹೊತ್ತಿಗೆ ಕೋಟೆ ಕೈಬಿಟ್ಟು ಹೋಗುತ್ತಿದೆ. ಮೊದಲೆರಡು ಸರದಿಗಳಲ್ಲೇ 14 ಸ್ಪಿಯರ್‌ಮನ್‌ಗಳನ್ನು (ಈಟಿಯ ಕಾಲಾಳುಗಳನ್ನು) ನೇಮಿಸಿ, ಕೋಟೆಯ ಮುಂದಿನ ಹುಲ್ಲುಗಾವಲಿನಲ್ಲಿ ಸಾಲು ಕಟ್ಟಿ ಕಾಯುವುದು ನನ್ನ ಕ್ರಮ.

ಶತ್ರುವಿನ ಚಿನ್ನವನ್ನು 400ರಿಂದ 300ಕ್ಕೆ ಇಳಿಸಬೇಕೇ, ಅಥವಾ ನಾನು ಆಡುವ ರೀತಿಯಲ್ಲೇ ದೋಷವಿದೆಯೇ? ಗೆಳೆಯರಿಗೆ ಕಳುಹಿಸುವ ಮೊದಲು ಇದು ನ್ಯಾಯವಾದ ಸವಾಲು ಎಂದು ನನಗೆ ಖಾತ್ರಿಯಾಗಬೇಕು.

ಕಾಫಿಹೂ, ಮೂಡಿಗೆರೆ

300ಕ್ಕೆ ಇಳಿಸಿಬಿಡಿ. ಒಂಬತ್ತು ಸಲ ಸೋತ ಮೇಲೂ ಯೋಚಿಸುವುದೇಕೆ?

ಹೇಮಾವತಿ ದಡ, ಗೊರೂರು

ಇಳಿಸಬೇಡಿ. ಇಳಿಸಿದರೂ ಏನೂ ಬದಲಾಗುವುದಿಲ್ಲ ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ.

ಒಬ್ಬ ಗ್ರಂಟ್‌ಗೆ 12 ಚಿನ್ನ. ಹಳ್ಳಿಗಳ ಆದಾಯವನ್ನು ಬದಿಗಿಟ್ಟರೆ 400 ಚಿನ್ನಕ್ಕೆ 33 ಮಂದಿ, 300ಕ್ಕೆ 25 ಮಂದಿ. ಆದರೆ ಅವರೆಲ್ಲ ಒಟ್ಟಿಗೆ ಬರುವುದಿಲ್ಲ. ಸರದಿಗೆ ಆರು ಮಂದಿಯಂತೆ ನೇಮಕವಾಗಿ, ಸರದಿಗೆ 5 ಕೋಶ ನಡೆದು, 17 ಕೋಶ ದಾಟುವ ಹೊತ್ತಿಗೆ ಮೊದಲ ತಂಡ ಐದನೆಯ ಸರದಿಯಲ್ಲಿ ನಿಮ್ಮ ಮುಂದಿರುತ್ತದೆ, ಎರಡನೆಯ ತಂಡ ಆರನೆಯದರಲ್ಲಿ. ಚಿನ್ನವನ್ನು ನೂರು ತಗ್ಗಿಸಿದರೆ ಕಡಿಮೆಯಾಗುವ ಎಂಟು ಮಂದಿ ಒಂಬತ್ತು ಮತ್ತು ಹತ್ತನೆಯ ಸರದಿಗಳಲ್ಲಿ ಬರಬೇಕಾದವರು. ನೀವು ಸೋಲುತ್ತಿರುವುದು ಎಂಟನೆಯದರಲ್ಲಿ. ಇನ್ನೂ ಬಂದೇ ಇರದವರನ್ನು ತೆಗೆದುಹಾಕಿದರೆ ಗಾಯ ವಾಸಿಯಾಗುವುದು ಹೇಗೆ?

ನಿಮ್ಮ ಬೆನ್ನು ಮುರಿಯುತ್ತಿರುವುದು ಐದು ಮತ್ತು ಆರನೆಯ ಸರದಿಗಳು. ಆಟದಲ್ಲಿ ಆರು ಸರದಿಗೆ ಒಂದು ಹಗಲುರಾತ್ರಿ; ಮುಂಜಾವಿನಿಂದ ಆರಂಭವಾದರೆ ಅವೆರಡೂ ರಾತ್ರಿಯ ಜಾವಗಳು. ಓರ್ಕ್‌ಗಳಿಗೆ ರಾತ್ರಿಯಲ್ಲಿ ಶೇಕಡಾ 25ರಷ್ಟು ಬಲ ಹೆಚ್ಚು, ಹಗಲಿನಲ್ಲಿ ಅಷ್ಟೇ ಕಡಿಮೆ; ನಿಮ್ಮ ಪಡೆಗೆ ಇದರ ತದ್ವಿರುದ್ಧ. ಗ್ರಂಟ್‌ನ ಕತ್ತಿ 9ರ ಎರಡು ಹೊಡೆತ. ರಾತ್ರಿ ಅದು 11 ಆಗುತ್ತದೆ, ಹಗಲು 7. ಸ್ಪಿಯರ್‌ಮನ್‌ನ ಜೀವ 36. ಮೂವರು ಗ್ರಂಟ್‌ಗಳು ಒಬ್ಬನ ಮೇಲೆ ಬಿದ್ದರೆ ಒಟ್ಟು ಆರು ಹೊಡೆತಗಳು. ರಾತ್ರಿ ಅವುಗಳಲ್ಲಿ ನಾಲ್ಕು ತಗುಲಿದರೆ ಆತ ಸತ್ತ. ಹಗಲಿನಲ್ಲಿ ಐದು ತಗುಲಿದರೂ 35 ಆಗಿ, ಒಂದು ಜೀವ ಉಳಿಸಿಕೊಂಡು ನಿಂತಿರುತ್ತಾನೆ.

ಇನ್ನು ನಿಂತ ಜಾಗ. ಬಯಲಿನಲ್ಲಿ ಅವನ ರಕ್ಷಣೆ, ಅಂದರೆ ಹೊಡೆತ ತಪ್ಪುವ ಸಾಧ್ಯತೆ, ಶೇಕಡಾ 40, ಕೋಟೆಯ ಕೋಶದಲ್ಲಾಗಲಿ ಹಳ್ಳಿಯಲ್ಲಾಗಲಿ 60. ಆದ್ದರಿಂದ ಆ ಮೂವರ ಕೈಯಲ್ಲಿ ಅವನು ಸಾಯುವ ಸಾಧ್ಯತೆ ರಾತ್ರಿ ಬಯಲಿನಲ್ಲಿ ಶೇಕಡಾ 54, ರಾತ್ರಿ ಕೋಟೆಯ ಮೇಲೆ 18, ಹಗಲು ಬಯಲಿನಲ್ಲಿ 5ಕ್ಕಿಂತ ಕಡಿಮೆ, ಹಗಲು ಕೋಟೆಯ ಮೇಲೆ ಅರ್ಧಕ್ಕೂ ಕಡಿಮೆ. ಅದೇ ಮೂವರು, ಅದೇ ಒಬ್ಬ. ನೀವು ಈ ನಾಲ್ಕರಲ್ಲಿ ಅತ್ಯಂತ ಕೆಟ್ಟದ್ದನ್ನೇ ಆರಿಸಿಕೊಂಡು ಒಂಬತ್ತು ಸಲ ಆಡಿದ್ದೀರಿ.

ಕಡೂರು ಬಯಲು, ಕಡೂರು

ಗೊರೂರಿನವರ ಲೆಕ್ಕ ಸರಿಯಾಗಿದೆ, ಆದರೆ ಎರಡು ತಿದ್ದುಪಡಿಗಳಿವೆ. ಗಣಿತ ಕಲಿಸುವವನಾದ್ದರಿಂದ ಸುಮ್ಮನಿರಲಾಗಲಿಲ್ಲ.

ಮೊದಲನೆಯದು, ಪ್ರತಿ ಸ್ಪಿಯರ್‌ಮನ್‌ಗೂ ಹುಟ್ಟಿನಿಂದ ಎರಡು ಗುಣಗಳಿರುತ್ತವೆ. ‘ಕ್ವಿಕ್’ ಗುಣದವನಿಗೆ ನಡಿಗೆ ಒಂದು ಹೆಚ್ಚು, ಜೀವ ಶೇಕಡಾ 5 ಕಡಿಮೆ, ಅಂದರೆ 34. ಅವನಿಗೆ ಹಗಲಿನಲ್ಲಿ ಐದೇ ಹೊಡೆತ ಸಾಕು. ಬಯಲಿನಲ್ಲಿ ಅವನು ಸಾಯುವ ಸಾಧ್ಯತೆ ಶೇಕಡಾ 5ರಿಂದ ಒಮ್ಮೆಲೇ 23ಕ್ಕೆ ಏರುತ್ತದೆ. ಎರಡು ಜೀವದ ವ್ಯತ್ಯಾಸಕ್ಕೆ ಇಷ್ಟು ಬೆಲೆ! ಅಂಥವನನ್ನು ಮುಂದಿನ ಸಾಲಿಗೆ ಹಾಕದೆ ಹಿಂದೆ ಇಟ್ಟುಕೊಳ್ಳಿ.

ಎರಡನೆಯದು, ಸ್ಪಿಯರ್‌ಮನ್‌ಗೆ ‘ಮೊದಲ ಹೊಡೆತ’ದ ವಿಶೇಷವಿದೆ. ತಾನು ಆಕ್ರಮಣಕ್ಕೊಳಗಾದಾಗಲೂ ಅವನ ಈಟಿಯೇ ಮೊದಲು ಚುಚ್ಚುತ್ತದೆ. ಮೊದಲೇ ಗಾಯಗೊಂಡ ಗ್ರಂಟ್ ಬಂದರೆ ತನ್ನ ಎರಡು ಹೊಡೆತ ಮುಗಿಸುವ ಮೊದಲೇ ಅವನು ಬೀಳಬಹುದು. ಆದ್ದರಿಂದ ಮೇಲಿನ ಸಾಧ್ಯತೆಗಳೆಲ್ಲ ಗರಿಷ್ಠ ಮಿತಿಗಳು, ನಿಜವಾದದ್ದು ಸ್ವಲ್ಪ ಕಡಿಮೆ.

ಹೇಮಾವತಿ ದಡ, ಗೊರೂರು

ಒಪ್ಪಿದೆ ಸರ್. ಕ್ವಿಕ್‌ನ ವಿಷಯ ನನಗೆ ಹೊಳೆದಿರಲಿಲ್ಲ.

ಕಾಫಿಹೂ, ಮೂಡಿಗೆರೆ

ನನಗೆ ಇಷ್ಟೆಲ್ಲ ಲೆಕ್ಕ ಹಾಕಲು ಸಮಯವಿಲ್ಲ. ತೋಟದ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡುವವಳು ನಾನು. ಒಳ್ಳೆಯ ಯೂನಿಟ್ ಸತ್ತರೆ ಹಿಂದಿನ ಸರದಿಯ ಸೇವ್ ತೆರೆದು ಮತ್ತೆ ಆಡುತ್ತೇನೆ. ಆಟವೇ ಪ್ರತಿ ಸರದಿಯನ್ನೂ ತಾನಾಗಿ ಉಳಿಸಿಡುತ್ತದೆ. ಇಲ್ಲಿ ಕರೆಂಟ್ ಹೋಗುವ ಲಯಕ್ಕೆ ಅದೊಂದು ವರವೇ ಸರಿ. ಕಠಿಣ ಹಂತದಲ್ಲಿ ಬದುಕುವುದಕ್ಕೆ ಇದು ಎಲ್ಲರಿಗೂ ತೆರೆದಿರುವ ದಾರಿ. ಇದರಲ್ಲಿ ತಪ್ಪೇನಿದೆ?

ಗಿರಿಶ್ರೇಣಿ, ಚಿಕ್ಕಮಗಳೂರು

ತಪ್ಪು ಎಂದು ಯಾರೂ ಹೇಳುವುದಿಲ್ಲ ಅಕ್ಕ, ನಿಮ್ಮ ಆಟ ನಿಮ್ಮದು. ಆದರೆ ಇಲ್ಲಿ ಕೇಳಿರುವವರು ಒಂದು ಸನ್ನಿವೇಶವನ್ನು ತೂಗಿ ನೋಡುತ್ತಿದ್ದಾರೆ. ಹಿಂದಿನ ಸೇವ್ ತೆರೆದು ಪ್ರತಿ ದುರದೃಷ್ಟವನ್ನೂ ಅಳಿಸಿಹಾಕಿದರೆ ಗೆದ್ದದ್ದು ಯೋಜನೆಯೋ ಪುನರಾವರ್ತನೆಯೋ ತಿಳಿಯುವುದಿಲ್ಲ. ಮೇಜ್ ಎಂಬ ಮಾಂತ್ರಿಕನ ಮಂತ್ರ ಎಲ್ಲ ನೆಲದ ಮೇಲೂ ಶೇಕಡಾ 70 ತಗುಲುವ ಖಾತ್ರಿಯಿದೆ. ಹಾಗಿದ್ದರೂ ಒಂದು ಆಕ್ರಮಣದ ಮೂರು ಹೊಡೆತಗಳೂ ತಪ್ಪುವ ಸಾಧ್ಯತೆ ಶೇಕಡಾ 2.7. ಒಂದು ಸನ್ನಿವೇಶದಲ್ಲಿ ನೂರು ಸಲ ಆಕ್ರಮಣ ಮಾಡಿದರೆ ಅದು ಎರಡು ಮೂರು ಸಲ ಆಗಿಯೇ ಆಗುತ್ತದೆ. ಹಾಗೆ ಆದಾಗಲೂ ಸಾಲು ಮುರಿಯದಂತೆ ನಿಲ್ಲಿಸುವುದನ್ನೇ ನಾನು ಯೋಜನೆ ಎನ್ನುವುದು.

ಪರೀಕ್ಷೆಗಾಗಿ ಆಡುವವರಿಗೆ ಒಂದು ಉಪಾಯವಿದೆ. ಅಭಿಯಾನವನ್ನು (ಸನ್ನಿವೇಶಗಳ ಸರಣಿಯನ್ನು) ಆರಂಭಿಸುವಾಗ ಯಾದೃಚ್ಛಿಕತೆಯ ಆಯ್ಕೆಯಲ್ಲಿ ‘ಪ್ರೆಡಿಕ್ಟಬಲ್’ ಎಂಬುದನ್ನು ಆರಿಸಿದರೆ, ಸೇವ್ ತೆರೆದು ಅದೇ ನಡೆಗಳನ್ನು ಅದೇ ಕ್ರಮದಲ್ಲಿ ಆಡಿದಾಗ ಅದೇ ಫಲ ಬರುತ್ತದೆ. 2012ರ ಎಕ್ಸ್‌ಕಾಮ್ ಎಂಬ ಇನ್ನೊಂದು ಸರದಿಯಾಟ ಕೂಡ ಮೂಲದಲ್ಲಿ ಹೀಗೆಯೇ ಇತ್ತು: ತಪ್ಪಿದ ಗುಂಡನ್ನು ಮತ್ತೆ ಹಾರಿಸಿದರೆ ಮತ್ತೆ ತಪ್ಪುತ್ತಿತ್ತು.

ಕಾಫಿಹೂ, ಮೂಡಿಗೆರೆ

ಪರೀಕ್ಷೆಯ ಮಾತು ಬೇರೆ, ಅದನ್ನು ಒಪ್ಪುತ್ತೇನೆ. ಆದರೆ ಹತ್ತು ಸನ್ನಿವೇಶಗಳ ಕಾಲ ಬೆಳೆಸಿದ ವೈಟ್ ಮೇಜ್ ಒಂದು ಕೆಟ್ಟ ರಾತ್ರಿಯಲ್ಲಿ ಸತ್ತರೆ ನಾನು ಸೇವ್ ತೆರೆಯುವವಳೇ. ಸರದಿಗೆ 8 ಜೀವ ತುಂಬುವವಳನ್ನು ಕಳೆದುಕೊಂಡು ಮುಂದಿನ ಐದು ಸನ್ನಿವೇಶಗಳನ್ನು ಎಳೆಯುವ ತಾಳ್ಮೆ ನನ್ನಲ್ಲಿಲ್ಲ.

ಆಡುಹುಲಿ, ಕೊಪ್ಪ

ವೈಟ್ ಮೇಜ್ ಸಾಯುವ ಜಾಗಕ್ಕೆ ಹೋದದ್ದು ಹೇಗೆ ಎಂಬುದನ್ನು ಮೊದಲು ಕೇಳಬೇಕು. ಅಜ್ಜಿಯ ಮನೆಯ ಜಗುಲಿಯ ಕಲ್ಲಿನ ಮೇಲೆ ಆಡುಹುಲಿ ಆಡಿ ಬೆಳೆದವಳು ನಾನು. ಅಲ್ಲಿ ಕುರಿಗೆ ಹಲ್ಲಿಲ್ಲ, ಉಗುರಿಲ್ಲ. ಹುಲಿ ಹಾರಿ ಇಳಿಯಬೇಕಾದ ಮನೆಯನ್ನು ತುಂಬಿಡುವುದೊಂದೇ ಅದರ ಬಲ. ವೆಸ್ನಾತ್‌ನಲ್ಲಿಯೂ ಪ್ರತಿ ಯೂನಿಟ್ ತನ್ನ ಸುತ್ತಲಿನ ಆರು ಕೋಶಗಳನ್ನು ಹಿಡಿದಿಟ್ಟುಕೊಂಡಿರುತ್ತದೆ, ಅದರೊಳಗೆ ಕಾಲಿಟ್ಟ ಶತ್ರು ಅಲ್ಲಿಯೇ ನಿಲ್ಲಬೇಕು. ಇಬ್ಬರ ನಡುವೆ ಎರಡು ಕೋಶ ಖಾಲಿ ಬಿಟ್ಟರೂ ಒಂದೇ ಸರದಿಯಲ್ಲಿ ಗ್ರಂಟ್‌ಗಳು ನುಸುಳಿ ಹೋಗಲಾರರು. ಸೊನ್ನೆ ಲೆವೆಲ್‌ನ ಯೂನಿಟ್‌ಗಳಿಗೆ ಮಾತ್ರ ಈ ಶಕ್ತಿಯಿಲ್ಲ, ಆದ್ದರಿಂದ ರೈತರನ್ನು ನಿಲ್ಲಿಸಿ ಸಾಲು ಭದ್ರವಾಯಿತೆಂದು ನಂಬಬಾರದು.

ಸಕಲೇಶಪುರದವರು 14 ಮಂದಿಯನ್ನು ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸುತ್ತಿದ್ದರೆ ಅರ್ಧ ಪಡೆ ವ್ಯರ್ಥವಾಗುತ್ತಿದೆ ಎಂದೇ ಅರ್ಥ.

ಕಡೂರು ಬಯಲು, ಕಡೂರು

ಇದರಲ್ಲಿ ಒಂದು ಎಚ್ಚರಿಕೆ ಬೇಕು ತಂಗಿ. ಬಿಡಿಯಾಗಿ ನಿಂತವನನ್ನು ನಾಲ್ಕು ಕಡೆಯಿಂದ ಮುತ್ತಬಹುದು. ನೇರ ಸಾಲಿನಲ್ಲಿ ಒತ್ತಾಗಿ ನಿಂತವನಿಗೆ ಎದುರಿನಿಂದ ಇಬ್ಬರೇ ತಾಗುತ್ತಾರೆ. ಬಿಡಿ ಸಾಲು ಶತ್ರುವನ್ನು ತಡವಾಗಿಸುವುದಕ್ಕೆ, ಒತ್ತು ಸಾಲು ಹೊಡೆತ ತಾಳಿಕೊಳ್ಳುವುದಕ್ಕೆ. ರಾತ್ರಿ ಎದುರಾದಾಗ ಬಿಡಿಯಾಗಿ ನಿಂತರೆ ಒಬ್ಬೊಬ್ಬರಾಗಿ ಹೋಗುತ್ತಾರೆ.

ಆಡುಹುಲಿ, ಕೊಪ್ಪ

ಹೌದು ಸರ್, ಅದನ್ನು ಸೇರಿಸಬೇಕಿತ್ತು. ಹಗಲಿನಲ್ಲಿ ಬಿಡಿ, ರಾತ್ರಿಯಲ್ಲಿ ಒತ್ತು.

ನಕ್ಷತ್ರಜಗತಿ, ಬೇಲೂರು

ಎಲ್ಲರೂ ಆಡುವ ರೀತಿಯನ್ನೇ ಚರ್ಚಿಸುತ್ತಿದ್ದೀರಿ, ನಕ್ಷೆಯನ್ನು ಯಾರೂ ಕೇಳಿಲ್ಲ. ಮಂಜಿನಕೋಟೆಯವರೇ, ಎಂಟು ಮೂಲೆಗಳನ್ನು ಷಟ್ಕೋನದ ಕೋಶಗಳಲ್ಲಿ ಹೇಗೆ ಕೂರಿಸಿದಿರಿ? ಚೌಕವನ್ನು 45 ಅಂಶ ತಿರುಗಿಸಿ ಇನ್ನೊಂದು ಚೌಕದ ಮೇಲಿಟ್ಟರೆ ಎಂಟು ಮೂಲೆ ಸಿಗುತ್ತದೆ. ಷಟ್ಕೋನದ ಜಾಲ ಒಲಿಯುವುದು 60 ಅಂಶಕ್ಕೆ, ಆರು ಮೂಲೆಗಳಿಗೆ. ನಾಲ್ಕು ಮೂಲೆ ಚೂಪಾಗಿ, ನಾಲ್ಕು ಮೊಂಡಾಗಿ ಬಂದಿರಬೇಕು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ: ಇಡೀ ಕೋಟೆಯನ್ನು ‘ಕ್ಯಾಸಲ್’ ಕೋಶಗಳಿಂದಲೇ ಕಟ್ಟಿದ್ದೀರಾ?

ಮಂಜಿನಕೋಟೆ, ಸಕಲೇಶಪುರ

ನೀವು ಊಹಿಸಿದಂತೆಯೇ ನಾಲ್ಕು ಮೂಲೆಗಳು ಮೊಂಡಾಗಿವೆ. ಹೌದು, ಗೋಡೆಯೂ ಒಳಗಿನ ಅಂಗಳವೂ ಎಲ್ಲ ಕ್ಯಾಸಲ್ ಕೋಶಗಳೇ. ನಡುವೆ ನಿಜವಾದ ಕೋಟೆಯಲ್ಲಿ ಶಿಲುಬೆಯಾಕಾರದ ಕೊಳವಿರುವ ಜಾಗದ ಪಕ್ಕದಲ್ಲಿ ‘ಕೀಪ್’ ಇಟ್ಟಿದ್ದೇನೆ. ಅದರಿಂದ ತೊಂದರೆಯೇನಾದರೂ ಇದೆಯೇ?

ನಕ್ಷತ್ರಜಗತಿ, ಬೇಲೂರು

ತೊಂದರೆಯೂ ಇದೆ, ನೀವು ಬಳಸದೆ ಬಿಟ್ಟಿರುವ ದೊಡ್ಡ ಬಲವೂ ಇದೆ.

ಬಲವನ್ನು ಮೊದಲು ಹೇಳುತ್ತೇನೆ. ನಾಯಕ ಕೀಪ್‌ನಲ್ಲಿ ನಿಂತಿರುವಾಗ, ಅದಕ್ಕೆ ಕೊಂಡಿಯಂತೆ ಸೇರಿಕೊಂಡಿರುವ ಯಾವುದೇ ಕ್ಯಾಸಲ್ ಕೋಶದಲ್ಲಿ ಹೊಸಬನನ್ನು ನೇಮಿಸಬಹುದು. ನಿಮ್ಮ ಇಡೀ ಕೋಟೆ ಒಂದೇ ಕೊಂಡಿ. ಅಂದರೆ ಗೋಡೆಯ ಯಾವ ಮೂಲೆಯಲ್ಲಿ ಒಬ್ಬ ಸತ್ತರೂ ಮುಂದಿನ ಸರದಿಯಲ್ಲಿ ಅದೇ ಮೂಲೆಯಲ್ಲಿ ಪೂರ್ಣ ಜೀವದ ಇನ್ನೊಬ್ಬ ಎದ್ದು ನಿಲ್ಲಬಹುದು. ಆ ಸರದಿಯಲ್ಲಿ ಅವನು ನಡೆಯಲಾರ, ಆಕ್ರಮಿಸಲಾರ. ಆದರೆ ತೂತು ಮುಚ್ಚುತ್ತಾನೆ, ಶತ್ರುವನ್ನು ತಡೆಯುತ್ತಾನೆ, ಹೊಡೆದವರಿಗೆ ತಿರುಗಿ ಹೊಡೆಯುತ್ತಾನೆ. ಇಂಥ ಕೋಟೆಯಿದ್ದೂ ನೀವು ಎರಡೇ ಸರದಿಗಳಲ್ಲಿ ಖಜಾನೆ ಬರಿದು ಮಾಡಿ, ಎಲ್ಲರನ್ನೂ ಹುಲ್ಲುಗಾವಲಿಗೆ ಕಳುಹಿಸುತ್ತಿದ್ದೀರಿ. ಮೊದಲಿಗೆ 8 ಮಂದಿ ಸಾಕು, 112 ಚಿನ್ನ. ಉಳಿದ 88ರಲ್ಲಿ ಇನ್ನೂ ಆರು ಮಂದಿ ಬೇಕಾದಾಗ ಬೇಕಾದಲ್ಲಿ ಸಿಗುತ್ತಾರೆ.

ಇನ್ನು ತೊಂದರೆ. ಮಂಜರಾಬಾದ್‌ನಂಥ ಕೋಟೆಗಳಿಗೆ ನಕ್ಷತ್ರದ ಆಕಾರ ಬಂದದ್ದು ಬಂದೂಕು ಫಿರಂಗಿಗಳ ಕಾಲದಲ್ಲಿ. ಎರಡು ಚಾಚುಗಳ ನಡುವಿನ ಕೊರಕಲಿಗೆ ನುಗ್ಗಿದವನ ಮೇಲೆ ಎರಡೂ ಬದಿಯಿಂದ ಗುಂಡು ಹಾರಿಸುವುದಕ್ಕೆಂದೇ ಅದು. ವೆಸ್ನಾತ್‌ನಲ್ಲಿ ಬಿಲ್ಲುಗಾರನೂ ಪಕ್ಕದ ಕೋಶಕ್ಕೆ ಮಾತ್ರ ಬಾಣ ಬಿಡಬಲ್ಲ. ಹಾಗಾಗಿ ಚೂಪು ಮೂಲೆಯ ಲಾಭವೆಲ್ಲ ಮಾಯವಾಗಿ, ಆ ಮೂಲೆಯಲ್ಲಿ ನಿಂತವನಿಗೆ ನಾಲ್ಕು ಕಡೆಯಿಂದ ಏಟು ಬೀಳುತ್ತದೆ. ನಿಮ್ಮ ನಾಲ್ಕು ಚೂಪು ಮೂಲೆಗಳ ತುದಿಯನ್ನು ದಾಟಲಾಗದ ಕಲ್ಲಿನ ಗೋಡೆಯ ಕೋಶವನ್ನಾಗಿ ಬದಲಿಸಿ, ಕೊರಕಲುಗಳಲ್ಲಿ ಮಾತ್ರ ಜನ ನಿಲ್ಲುವಂತೆ ಮಾಡಿ. ಆಗ ಕೋಟೆ ನೋಡುವುದಕ್ಕೂ ನಕ್ಷತ್ರವಾಗಿರುತ್ತದೆ, ಕೆಲಸವನ್ನೂ ನಕ್ಷತ್ರದಂತೆಯೇ ಮಾಡುತ್ತದೆ.

ಗಿರಿಶ್ರೇಣಿ, ಚಿಕ್ಕಮಗಳೂರು

ಈ ಮಾತು ನನಗೆ ಬಹಳ ಹಿಡಿಸಿತು. ಆಕಾರವನ್ನಲ್ಲ, ಆಕಾರದ ಉದ್ದೇಶವನ್ನು ನಕ್ಷೆಗೆ ಇಳಿಸಬೇಕು.

ಅರಸೀಕೆರೆ ಜಂಕ್ಷನ್, ಅರಸೀಕೆರೆ

ಚಿನ್ನ ಉಳಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವಿದೆ. ಪ್ರತಿ ಯೂನಿಟ್ ತನ್ನ ಲೆವೆಲ್‌ನಷ್ಟು ಸಂಬಳ ಕೇಳುತ್ತದೆ, ಪ್ರತಿ ಹಳ್ಳಿ ಒಂದು ಲೆವೆಲ್‌ನ ಸಂಬಳವನ್ನು ತಾನೇ ಹೊರುತ್ತದೆ. ಸರದಿಗೆ ಹೇಗೂ ಸಿಗುವ 2 ಚಿನ್ನದ ಜೊತೆ ಹಳ್ಳಿಗೊಂದು ಚಿನ್ನದ ಆದಾಯವೆಂದುಕೊಂಡರೆ 5 ಹಳ್ಳಿ, 14 ಮಂದಿ ಇದ್ದಾಗ ಸರದಿಗೆ 2 ಚಿನ್ನ ನಷ್ಟ. ಅದೇ 8 ಮಂದಿ ಇದ್ದಾಗ 4 ಚಿನ್ನ ಲಾಭ. ಶತ್ರು ಬರುವವರೆಗಿನ ನಾಲ್ಕು ಸರದಿಗಳಲ್ಲೇ 24 ಚಿನ್ನದ ವ್ಯತ್ಯಾಸ, ಹತ್ತಿರ ಹತ್ತಿರ ಇಬ್ಬರು ಸ್ಪಿಯರ್‌ಮನ್‌ಗಳ ಬೆಲೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಹಳೆಯ ಆಟ, ಹಾಸನ

ಸಂಜೆಯಿಂದ ಓದುತ್ತಿದ್ದೇನೆ. ಕಠಿಣ ಹಂತದ ಅಂಕಿಗಳನ್ನು ಬದಲಿಸುವ ಮೊದಲು ಅವು ನಿಜವಾಗಿ ಕೆಲಸ ಮಾಡುತ್ತಿವೆಯೇ ಎಂದು ನೋಡಿಕೊಳ್ಳಿ ಎಂಬುದು ನನ್ನ ಕೋರಿಕೆ. 1994ರ ಮೊದಲ ಎಕ್ಸ್‌ಕಾಮ್‌ನಲ್ಲಿ ಒಂದು ದೋಷವಿತ್ತು: ಯಾವ ಹಂತವನ್ನು ಆರಿಸಿ ಆರಂಭಿಸಿದರೂ, ಉಳಿಸಿದ ಆಟವನ್ನು ಮತ್ತೆ ತೆರೆದಾಗ ಅದು ಸದ್ದಿಲ್ಲದೆ ಅತ್ಯಂತ ಸುಲಭದ ಹಂತಕ್ಕೆ ಇಳಿದುಬಿಡುತ್ತಿತ್ತು. ಆಟಗಾರರಿಗೆ ಇದು ತಿಳಿಯಲಿಲ್ಲ. ಆಟ ತೀರಾ ಸುಲಭವಾಯಿತೆಂಬ ದೂರುಗಳು ಬಂದವು, ಅದರ ಮುಂದಿನ ಆಟವಾದ 1995ರ ಟೆರರ್ ಫ್ರಮ್ ದ ಡೀಪ್ ಅದಕ್ಕೆ ಉತ್ತರವಾಗಿ ಇನ್ನೂ ಕ್ರೂರವಾಯಿತು. ಒಂದು ಆಟದ ತಪ್ಪಿಗೆ ಇನ್ನೊಂದು ಆಟದವರು ದಂಡ ತೆತ್ತರು.

ವೆಸ್ನಾತ್‌ನಲ್ಲಿ ಆ ದೋಷವಿಲ್ಲ, ಆದರೆ ಬರೆಯುವವರು ಎಡವುವ ಜಾಗ ಬೇರೆ ಇದೆ. ಸನ್ನಿವೇಶದ ನಡುವೆ ಉಳಿಸಿದ ಸೇವ್‌ನೊಳಗೆ ಹಳೆಯ ಸನ್ನಿವೇಶದ ಪ್ರತಿಯೇ ಕುಳಿತಿರುತ್ತದೆ. ನೀವು ಕಡತವನ್ನು ತಿದ್ದಿ ಆ ಸೇವ್ ತೆರೆದರೆ ಹಳೆಯ ಅಂಕಿಗಳೇ ಓಡುತ್ತವೆ. ತಿದ್ದಿದ ಮೇಲೆ ಮುಖಪುಟದಲ್ಲಿ ಎಫ್5 ಒತ್ತಿ, ಸನ್ನಿವೇಶವನ್ನು ಮೊದಲಿನಿಂದ ಆರಂಭಿಸಿ. ಇನ್ನೊಂದು ವಿಷಯ: ಎಷ್ಟೇ ಸಣ್ಣ ತಿದ್ದುಪಡಿಯಾದರೂ ಆಟದ ಮೂಲ ಕಡತಗಳಿಗೆ ಕೈ ಹಚ್ಚಬೇಡಿ. ಎಲ್ಲವೂ ನಿಮ್ಮ ಆಡ್‌ಆನ್ ಫೋಲ್ಡರ್‌ನಲ್ಲೇ ಇರಲಿ. ಮೂಲದ ಗ್ರಂಟ್‌ನ ಬಲ ತಗ್ಗಿಸಿದರೆ ಎಲ್ಲ ಅಭಿಯಾನಗಳಲ್ಲೂ ಅವನು ಬಡವಾಗುತ್ತಾನೆ, ಬೇರೆಯವರ ಕಂಪ್ಯೂಟರ್‌ನಲ್ಲಿ ಮಾತ್ರ ಗಟ್ಟಿಯಾಗಿಯೇ ಇರುತ್ತಾನೆ.

ಹೇಮಾವತಿ ದಡ, ಗೊರೂರು

ಈಗ ಮೂಲ ಪ್ರಶ್ನೆಗೆ ಬರೋಣ. ಶತ್ರು ರಾತ್ರಿಯಲ್ಲೇ ಬಂದು ತಲುಪುವುದನ್ನು ತಪ್ಪಿಸಲು ಎರಡು ದಾರಿಗಳಿವೆ. ಸುಲಭದ್ದು, ಸನ್ನಿವೇಶದ ಕಡತದಲ್ಲಿ ‘ಕರೆಂಟ್ ಟೈಮ್’ ಎಂಬ ಮೌಲ್ಯವನ್ನು 3 ಎಂದು ಬರೆಯುವುದು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ 3 ಎಂದರೆ ಮುಸ್ಸಂಜೆ. ಆಟ ಮುಸ್ಸಂಜೆಯಲ್ಲಿ ಆರಂಭವಾಗಿ, ಶತ್ರು ದಾರಿಯಲ್ಲಿರುವಾಗಲೇ ರಾತ್ರಿ ಕಳೆದು, ಐದನೆಯ ಸರದಿಗೆ ಬೆಳಗು. ಒಂದೇ ಸಾಲಿನ ತಿದ್ದುಪಡಿ.

ಎರಡನೆಯದು ನೆಲದಿಂದಲೇ ತಡೆಯುವುದು. ಗುಡ್ಡಗಳನ್ನು ಹರಡಿದ್ದೇನೆ ಎಂದಿರಿ. ಮನುಷ್ಯರಿಗೆ ಗುಡ್ಡ ಹತ್ತಲು 2 ನಡಿಗೆ ಬೇಕು, ಓರ್ಕ್‌ಗಳಿಗೆ ಒಂದೇ ಸಾಕು. ಬಯಲೂ ಗುಡ್ಡವೂ ಅವರಿಗೆ ಒಂದೇ. ನೀವು ಹಾಕಿದ ಗುಡ್ಡಗಳು ನಿಮ್ಮವರನ್ನು ಮಾತ್ರ ತಡೆಯುತ್ತಿವೆ.

ಮಂಜಿನಕೋಟೆ, ಸಕಲೇಶಪುರ

ಈ ಗುಡ್ಡದ ವಿಷಯ ಓದಿ ನಿಜಕ್ಕೂ ಬೆಚ್ಚಿದೆ. ಶತ್ರುವಿಗೆ ಅಡ್ಡಿಯಾಗಲೆಂದು ಎರಡು ವಾರ ಕೂತು ಒಂದೊಂದೇ ಗುಡ್ಡವನ್ನು ಇಟ್ಟಿದ್ದೆ.

ಮುಸ್ಸಂಜೆಯ ಉಪಾಯ ಸುಲಭವೆನ್ನಿಸಿದರೂ ನನಗೆ ನೆಲದ ದಾರಿಯೇ ಇಷ್ಟ. ನಮ್ಮ ಕಣಿವೆಯ ತಳದಲ್ಲಿ ನಿಜಕ್ಕೂ ಇರುವುದು ಗದ್ದೆಗಳು. ಅವುಗಳನ್ನು ಜೌಗು ಕೋಶಗಳಾಗಿ ಹಾಕಿದರೆ ಹೇಗೆ?

ಕಡೂರು ಬಯಲು, ಕಡೂರು

ಚೆನ್ನಾಗಿರುತ್ತದೆ. ಜೌಗಿಗೆ ಓರ್ಕ್‌ಗೂ 3 ನಡಿಗೆ ಬೇಕು. 5 ನಡಿಗೆಯವನು ಸರದಿಗೆ ಒಂದು ಜೌಗು ಕೋಶ ಮಾತ್ರ ದಾಟಬಲ್ಲ, ಉಳಿದ 2 ನಡಿಗೆ ಇನ್ನೊಂದಕ್ಕೆ ಸಾಲದು. ಅವನ ದಾರಿಯ 9, 10, 11ನೆಯ ಕೋಶಗಳಲ್ಲಿ ಅಡ್ಡಲಾಗಿ ಗದ್ದೆ ಹಾಕಿ ನೋಡಿದೆ. ಎರಡನೆಯ ಸರದಿಯಲ್ಲಿ 5, ಮೂರನೆಯದರಲ್ಲಿ 8ಕ್ಕೆ ಬಂದು ನಿಲ್ಲುತ್ತಾನೆ. ಮುಂದಿನ ಮೂರು ಸರದಿಗಳಲ್ಲಿ ಕೆಸರು ದಾಟಿ 13, ಏಳನೆಯದರಲ್ಲಿ ಗೋಡೆಯ ಬುಡಕ್ಕೆ. ಏಳನೆಯದು ಮುಂಜಾವು, ಎಂಟು, ಒಂಬತ್ತು ಪೂರ್ತಿ ಹಗಲು. ಕಣಿವೆಯ ಒಂದು ತುದಿಯಲ್ಲಿ ಒಣ ದಾರಿ ಉಳಿಯದಂತೆ ಮಾತ್ರ ನೋಡಿಕೊಳ್ಳಿ. ಒಂದು ಕೋಶ ತೆರೆದಿದ್ದರೂ ಇಡೀ ದಂಡು ಅಲ್ಲಿಂದಲೇ ಬರುತ್ತದೆ.

ಆಡುಹುಲಿ, ಕೊಪ್ಪ

ಕೆಸರಿನಲ್ಲಿ ಓರ್ಕ್‌ನ ರಕ್ಷಣೆ ಶೇಕಡಾ 30 ಮಾತ್ರ, ಗ್ರಂಟ್‌ಗೆ ದೂರದ ಆಯುಧವೂ ಇಲ್ಲ. ಗದ್ದೆಯ ಬದುವಿನಲ್ಲಿ ಇಬ್ಬರು ಬೋಮನ್‌ಗಳನ್ನು (ಬಿಲ್ಲುಗಾರರನ್ನು) ಇಟ್ಟರೆ ಬಾಣಗಳು ನೂರಕ್ಕೆ ಎಪ್ಪತ್ತು ತಗುಲುತ್ತವೆ, ತಿರುಗಿ ಒಂದು ಏಟೂ ಬರುವುದಿಲ್ಲ.

ಹೇಮಾವತಿ ದಡ, ಗೊರೂರು

ನಮ್ಮ ಸರದಿಯಲ್ಲಿ ಬರುವುದಿಲ್ಲ, ಅವರ ಸರದಿಯಲ್ಲಿ ಬರುತ್ತದೆ. ಐದು ಮತ್ತು ಆರು ರಾತ್ರಿಯೇ ಎಂಬುದನ್ನು ಮರೆಯಬೇಡಿ. ನಾಲ್ಕನೆಯ ಸರದಿಯ ಮುಸ್ಸಂಜೆಯಲ್ಲಿ ಮುಂಚೂಣಿಯವರು ಇನ್ನೂ ಕೆಸರಿನ ಆಚೆ ಬದಿಯಲ್ಲಿರುತ್ತಾರೆ. ಆಗ ಬೋಮನ್‌ಗಳು ಕೋಟೆಯಲ್ಲೇ ಇರಲಿ. ಏಳನೆಯ ಸರದಿಯ ನಂತರ ಹಿಂದಿನ ತಂಡಗಳು ಕೆಸರಿನಲ್ಲಿ ಸಿಕ್ಕಿಕೊಂಡಿರುವಾಗ ಹೊರಗೆ ಬರಲಿ, ಆಗ ಹಗಲು ನಮ್ಮದು.

ಆಡುಹುಲಿ, ಕೊಪ್ಪ

ಅದು ಸರಿ. ಆದರೆ ಮುಂಚೂಣಿಯನ್ನು ಗೋಡೆಯಲ್ಲಿ ಮುಗಿಸದೆ ಅವರು ಹೊರಗೆ ಹೋಗುವ ಹಾಗಿಲ್ಲ.

ಅರಸೀಕೆರೆ ಜಂಕ್ಷನ್, ಅರಸೀಕೆರೆ

ಕೊನೆಯ ಏಟನ್ನು ಯಾರು ಕೊಡುತ್ತಾರೆ ಎಂಬುದರ ಮೇಲೂ ಗಮನವಿರಲಿ. ಒಂದನೆಯ ಲೆವೆಲ್‌ನ ಶತ್ರುವನ್ನು ಕೊಂದವನಿಗೆ 8 ಅನುಭವ, ಬರೀ ಕಾದಾಡಿದವನಿಗೆ 1. ಇಬ್ಬರು ಮೂವರಿಗೇ ಆ ಎಂಟುಗಳು ಸೇರುವಂತೆ ಆಡಿದರೆ ಎರಡನೆಯ ರಾತ್ರಿಯ ಹೊತ್ತಿಗೆ ಒಬ್ಬನಾದರೂ ಮುಂದಿನ ಲೆವೆಲ್‌ಗೆ ಏರಿರುತ್ತಾನೆ, ಏರುವಾಗ ಗಾಯವೂ ಪೂರ್ತಿ ಮಾಯುತ್ತದೆ.

ಮಂಜಿನಕೋಟೆ, ಸಕಲೇಶಪುರ

ಮೂರು ದಿನಗಳ ನಂತರ ಬರೆಯುತ್ತಿದ್ದೇನೆ. ಗದ್ದೆಗಳನ್ನು ಮೂರು ಕೋಶ ಅಗಲಕ್ಕೆ ಹಾಕಿದೆ. ನಾಲ್ಕು ಚೂಪು ಮೂಲೆಗಳನ್ನು ಕಲ್ಲಿನ ಗೋಡೆ ಮಾಡಿದೆ. ಶತ್ರುವಿನ 400 ಚಿನ್ನವನ್ನು ಮುಟ್ಟಲಿಲ್ಲ. ಮೊದಲು 6 ಸ್ಪಿಯರ್‌ಮನ್, 2 ಬೋಮನ್. ಉಳಿದ ಚಿನ್ನವನ್ನು ಕೈಯಲ್ಲಿಟ್ಟುಕೊಂಡೆ.

ಮೊದಲ ಪ್ರಯತ್ನದಲ್ಲೇ ಎಂಟನೆಯ ಸರದಿ ದಾಟಿತು, ಅದೂ ಒಬ್ಬನನ್ನು ಮಾತ್ರ ಕಳೆದುಕೊಂಡು. ಅವನು ಕ್ವಿಕ್ ಗುಣದವನೇ; ಕಡೂರಿನ ಸರ್ ಹೇಳಿದ್ದನ್ನು ಮರೆತು ಮುಂದೆ ನಿಲ್ಲಿಸಿದ್ದೆ. ಪಶ್ಚಿಮದ ಕೊರಕಲಿನಲ್ಲಿ ಇಬ್ಬರು ಸತ್ತ ಜಾಗದಲ್ಲಿ ಹತ್ತನೆಯ ಸರದಿಯಲ್ಲಿ ಹೊಸಬರನ್ನು ನೇಮಿಸಿದಾಗ, ಈ ಕೋಟೆಯನ್ನು ನಾನೇ ಬರೆದಿದ್ದರೂ ಅದರ ಬಳಕೆ ಈಗ ತಿಳಿಯಿತು ಎನ್ನಿಸಿತು. 11 ಮತ್ತು 12ನೆಯ ಸರದಿಗಳ ರಾತ್ರಿಯಲ್ಲಿ ಗೋಡೆಗೇ ಅಂಟಿಕೊಂಡು ನಿಂತೆವು. ಆದರೂ 19ನೆಯ ಸರದಿಯಲ್ಲಿ ಸೋತೆ. 17ನೆಯದರಿಂದ ಆರಂಭವಾಗುವ ಮೂರನೆಯ ರಾತ್ರಿಗೆ ನನ್ನಲ್ಲಿ ಉಳಿದಿದ್ದವರು ಐವರು, ಎಲ್ಲರೂ ಗಾಯಾಳುಗಳು, ಚಿನ್ನ 9. ಕೆಳಗಿನ ಮೂರು ಹಳ್ಳಿಗಳು ಓರ್ಕ್‌ಗಳ ಕೈ ಸೇರಿದ್ದರಿಂದ ಅವರಿಗೆ ಮತ್ತೆ ಮತ್ತೆ ಹೊಸ ಗ್ರಂಟ್‌ಗಳು ಬರುತ್ತಲೇ ಇದ್ದರು.

ಈಗ ಸೋಲು ಕಹಿಯೆನ್ನಿಸುತ್ತಿಲ್ಲ. ಎಲ್ಲಿ ಎಡವಿದೆ ಎಂಬುದು ಕಾಣುತ್ತಿದೆ.

ಕಾಫಿಹೂ, ಮೂಡಿಗೆರೆ

ಮೊದಲ ದಿನ ಇಳಿಸಿಬಿಡಿ ಎಂದವಳು ನಾನೇ. ಇಳಿಸದಿದ್ದದ್ದು ಒಳ್ಳೆಯದಾಯಿತು. ಆ ಎರಡು ಹಗಲುಗಳಲ್ಲಿ, 14 ಮತ್ತು 15ನೆಯ ಸರದಿಗಳಲ್ಲಿ, ಹೊರಗೆ ಬಂದು ಹಳ್ಳಿಗಳನ್ನು ಮರಳಿ ಹಿಡಿದಿರಾ?

ಮಂಜಿನಕೋಟೆ, ಸಕಲೇಶಪುರ

ಇಲ್ಲ. ಗೋಡೆ ಬಿಡಲು ಧೈರ್ಯ ಬರಲಿಲ್ಲ.

ನಕ್ಷತ್ರಜಗತಿ, ಬೇಲೂರು

ಅಲ್ಲಿಯೇ ಹೋಯಿತು. ಹಳ್ಳಿಯಲ್ಲಿ ನಿಂತರೆ ಸರದಿಗೆ 8 ಜೀವ ಮರಳುತ್ತದೆ, ರಕ್ಷಣೆ ಕೋಟೆಯಷ್ಟೇ 60. ಮೂರು ಹಳ್ಳಿ ನಿಮ್ಮದಾದರೆ ಅವರಿಗೆ ಅಷ್ಟು ಆದಾಯ ಕಡಿಮೆ. ಗಾಯಾಳುಗಳನ್ನು 14ನೆಯದರಲ್ಲೇ ಅಲ್ಲಿಗೆ ಕಳುಹಿಸಿ, 16ನೆಯ ಸರದಿಯ ಮುಸ್ಸಂಜೆಗೆ ಒಳಗೆ ಕರೆಸಿಕೊಳ್ಳಿ. ಪಶ್ಚಿಮದ ಹಳ್ಳಿ ಗೋಡೆಯಿಂದ ಎಷ್ಟು ದೂರ?

ಮಂಜಿನಕೋಟೆ, ಸಕಲೇಶಪುರ

ನಾಲ್ಕು ಕೋಶ, ಅದರಲ್ಲಿ ಎರಡು ನಾನೇ ಹಾಕಿದ ಗುಡ್ಡಗಳು. ಹೋಗುವುದಕ್ಕೆ ಎರಡು ಸರದಿ, ಬರುವುದಕ್ಕೆ ಎರಡು ಸರದಿ. ಇವತ್ತೇ ಆ ಗುಡ್ಡಗಳನ್ನು ತೆಗೆದು ಹುಲ್ಲು ಹಾಕುತ್ತೇನೆ. ಬಯಲಾದರೆ ಒಂದೇ ಸರದಿಗೆ ಹೋಗಿಬಿಡಬಹುದು.

ಹಳೆಯ ಆಟ, ಹಾಸನ

ತೆಗೆದ ಮೇಲೆ ಹಳೆಯ ಸೇವ್ ತೆರೆಯಬೇಡಿ, ಮೊದಲಿನಿಂದ ಆರಂಭಿಸಿ. ಗೆದ್ದರೆ ಕಡತವನ್ನು ನನಗೂ ಕಳುಹಿಸಿ, ಒಮ್ಮೆಯೂ ಸೇವ್ ತೆರೆಯದೆ ಆಡಿ ನೋಡಿ ತಿಳಿಸುತ್ತೇನೆ.